ಆಷಾಢಕ್ಕೆ ಕಟ್ಟಿದ ರೇಡಿಯೋ

ಬಿಸಿಲಿನ ಲೆಕ್ಕದಲ್ಲಿ ನಮ್ಮ ಕಡೆ ಚಳಿಗಾಲ ಬರುವುದು ಆಷಾಢಕ್ಕೆ. ಮಾರ್ಗಶಿರದಲ್ಲಿ ನಮಗೆ ಬೆಳಕಿನ ಬಡತನವಿಲ್ಲ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿದರೆ ಸಂಜೆಯವರೆಗೂ ಒಂದೇ ಸಮ ಕಾಯುವ ಬಿಸಿಲು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ ಸರಿದರೆ ಸಿಗುವ ನಮ್ಮ ಹಳ್ಳಿಯಲ್ಲಿ ಸೂರ್ಯ ಕಾಣೆಯಾಗುವುದು ಆರಿದ್ರಾ ಮಳೆ ಹಿಡಿದ ಮೇಲೆ. ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವ ತನಕ ಅಡುಗೆಮನೆಗೆ ಮಧ್ಯಾಹ್ನವೂ ದೀಪ ಬೇಕು. ಸೌರಶಕ್ತಿಯಿಂದ ನಡೆಯುವ ರೇಡಿಯೋವೊಂದನ್ನು ಮನೆಯಲ್ಲೇ ಕಟ್ಟಿ ಗುಡ್ಡದ ಮೇಲಿಡಬೇಕೆಂದು ಹೊರಟಾಗ ನನ್ನ ಕೈಗೆ ಸಿಕ್ಕಿದ ಕೈಪಿಡಿಗಳೆಲ್ಲ ಹಿಮ ಬೀಳುವ ದೇಶದವರು ಬರೆದವು. ಡಿಸೆಂಬರಿನ ಇಳಿಬಿಸಿಲು ಹಿಡಿಯಲು ಪ್ಯಾನೆಲನ್ನು ದಕ್ಷಿಣಕ್ಕೆ ಕಡಿದಾಗಿ ನಿಲ್ಲಿಸಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ ಎಂಬಂಥ ಮಾತುಗಳು. ಅವರ ಊರಿಗೆ ಅದು ಸರಿ. ನಮ್ಮ ಗುಡ್ಡದ ಲೆಕ್ಕವನ್ನು ನಮ್ಮ ಮಳೆಯನ್ನು ಎದುರಿಗಿಟ್ಟುಕೊಂಡೇ ಮಾಡಬೇಕಿತ್ತು.

ಅದಕ್ಕೆ ಕೈಹಾಕುವಂತೆ ಮಾಡಿದ್ದು 2019ರ ಆಗಸ್ಟ್. ಆ ತಿಂಗಳ ಮಳೆಯನ್ನು ಮಲೆನಾಡಿನಲ್ಲಿ ಯಾರೂ ಮರೆತಿಲ್ಲ. ಮೂಡಿಗೆರೆ, ಕಳಸದ ಕಡೆ ಗುಡ್ಡಗಳೇ ಜಾರಿ ತೋಟದ ಮೇಲೆ ಕೂತವು. ನಾನಾಗ ಬೆಂಗಳೂರಿನಲ್ಲಿದ್ದೆ. ಊರಲ್ಲಿ ಮೊದಲು ಹೋದದ್ದು ಕರೆಂಟು. ಲೈನಿನ ಮೇಲೆ ಮರ ಬಿದ್ದರೆ ಕಾಡಿನೊಳಗೆ ಅದೆಲ್ಲಿ ಬಿದ್ದಿದೆ ಎಂದು ಹುಡುಕುವುದೇ ಲೈನ್‌ಮನ್‌ಗಳಿಗೆ ದೊಡ್ಡ ಕೆಲಸ. ಆಮೇಲೆ ಟವರು. ಅದರ ಬ್ಯಾಟರಿ ಒಂದಷ್ಟು ಹೊತ್ತು ತಡೆಯಿತು, ಡೀಸೆಲ್ ಹೊತ್ತು ಹೋಗುವ ದಾರಿ ಮುಚ್ಚಿತ್ತು, ಟವರೂ ನಿಂತಿತು. ಅಪ್ಪಯ್ಯ ಅಮ್ಮ ಹೇಗಿದ್ದಾರೆ ಎಂದು ನನಗೆ ತಿಳಿಯದೆ ಇದ್ದದ್ದು ಒಂದು ಕಡೆ. ಅದಕ್ಕಿಂತ ಮನಸ್ಸಿಗೆ ತಟ್ಟಿದ್ದು ಆಮೇಲೆ ಕೇಳಿದ ಸಂಗತಿ. ನಮ್ಮ ಗುಡ್ಡದ ಆಚೆ ಮಗ್ಗುಲಿಗೇ ನನ್ನ ಅಕ್ಕನ ಮನೆ. ಹಕ್ಕಿ ಹಾರಿದರೆ ಎರಡು ಕಿಲೋಮೀಟರು ಕೂಡ ಇಲ್ಲ. ರಸ್ತೆಯಲ್ಲಿ ಸುತ್ತಿ ಹೋಗಬೇಕು, ನಡುವೆ ಹಳ್ಳ ದಾಟಬೇಕು. ಅವರ ಕೊಟ್ಟಿಗೆಯ ಹಿಂದಿನ ಧರೆ ಜರಿದು ಗೋಡೆ ಬಿದ್ದಿತ್ತು. ಕತ್ತಲಲ್ಲಿ ಭಾವ, ಅಕ್ಕ, ವಯಸ್ಸಾದ ಅತ್ತೆ ಮೂವರೇ ಸೇರಿ ದನಗಳನ್ನು ಎಳೆದು ಹೊರಗೆ ತಂದಿದ್ದರು. ನಮ್ಮ ಮನೆಯವರಿಗೆ ಇದು ಗೊತ್ತಾದದ್ದು ಹಳ್ಳದ ನೀರು ಇಳಿದು, ಯಾರೋ ಆಚೆಯಿಂದ ಈಚೆಗೆ ಬಂದ ಮೇಲೆ. ಒಂದೇ ಗುಡ್ಡದ ಎರಡು ಮಗ್ಗುಲಲ್ಲಿದ್ದವರಿಗೆ ಒಬ್ಬರ ಸುದ್ದಿ ಒಬ್ಬರಿಗಿರಲಿಲ್ಲ.

ಮರುವರ್ಷ ಲಾಕ್‌ಡೌನಿನಲ್ಲಿ ಆಫೀಸಿನ ಕೆಲಸ ಹೊತ್ತುಕೊಂಡು ಊರಿಗೆ ಬಂದೆ. ಅದೇ 2020ರಲ್ಲಿ ಅಮೆರಿಕದ ಕೆವಿನ್ ಹೆಸ್ಟರ್ ಎಂಬ ತಂತ್ರಜ್ಞ ಮೆಶ್‌ಟಾಸ್ಟಿಕ್ ಎಂಬ ತೆರೆದ ತಂತ್ರಾಂಶವನ್ನು ಶುರುಮಾಡಿದ್ದರು. ಮೊಬೈಲ್ ಸಿಗದ ಬೆಟ್ಟಗಳಲ್ಲಿ ಚಾರಣ ಮಾಡುವವರು, ಪ್ಯಾರಾಗ್ಲೈಡಿಂಗ್ ಮಾಡುವವರು ಪರಸ್ಪರ ಸಂಪರ್ಕದಲ್ಲಿರಲಿ ಎಂಬುದು ಅದರ ಉದ್ದೇಶ. ಅಂಗೈಯಗಲದ ರೇಡಿಯೋ ಬೋರ್ಡು, ಅದಕ್ಕೊಂದು ಆಂಟೆನಾ. ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿ ನಾಲ್ಕು ಮಾತು ಬರೆದರೆ ಬೋರ್ಡು ಅದನ್ನು ಗಾಳಿಗೆ ಬಿಡುತ್ತದೆ. ಕೇಳಿಸಿಕೊಂಡ ಇನ್ನೊಂದು ಬೋರ್ಡು ಅದನ್ನು ಮತ್ತೆ ಹೇಳುತ್ತದೆ. ಸಿಮ್ ಇಲ್ಲ, ಟವರಿಲ್ಲ, ತಿಂಗಳ ಬಾಡಿಗೆಯಿಲ್ಲ.

ಇದರ ಕೆಲಸದ ರೀತಿ ಅಪ್ಪಯ್ಯನಿಗೆ ಒಂದೇ ಸಲಕ್ಕೆ ತಿಳಿಯಿತು. ನಮ್ಮ ಕಡೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ; ತೋಟಕ್ಕೊಂದು ಮನೆ, ಕಣಿವೆಗೊಂದು ತೋಟ. ಅವರ ಚಿಕ್ಕಂದಿನಲ್ಲಿ ಸುದ್ದಿ ದಾಟುತ್ತಿದ್ದದ್ದು ಕೂ ಹಾಕಿ. ಕೆಳಗಿನಮನೆಯ ಕೂಗು ದಿಬ್ಬದ ಆಚೆ ಕೇಳದಿದ್ದರೆ ನಡುವಿನ ಮನೆಯವರು ಅದನ್ನೇ ಎತ್ತಿಕೊಂಡು ಮತ್ತೆ ಕೂಗುತ್ತಿದ್ದರು. ಈ ಬೋರ್ಡುಗಳ ಮೆಶ್ ಜಾಲದಲ್ಲೂ ಹಾಗೆಯೇ. ಇಲ್ಲೊಂದು ಜಾಣ ಕಟ್ಟಳೆಯೂ ಇದೆ. ಸಂದೇಶ ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಒಟ್ಟಿಗೆ ಕೂಗಿದರೆ ಗದ್ದಲವಾಗಿ ಯಾರಿಗೂ ಏನೂ ಕೇಳುವುದಿಲ್ಲ. ಆದ್ದರಿಂದ ಪ್ರತಿ ನೋಡ್, ಅಂದರೆ ಜಾಲದ ಪ್ರತಿ ಬೋರ್ಡು, ಸ್ವಲ್ಪ ಕಾಯುತ್ತದೆ. ಯಾರಿಗೆ ಕ್ಷೀಣವಾಗಿ ಕೇಳಿಸಿತೋ ಅವರು ದೂರದಲ್ಲಿರುವವರೆಂದು ತಿಳಿದು, ಅವರಿಗೆ ಕಾಯುವ ಹೊತ್ತು ಕಡಿಮೆ. ದೂರದವರು ಮೊದಲು ಕೂಗುತ್ತಾರೆ. ಅದು ಕೇಳಿಸಿದ ಹತ್ತಿರದವರು ಸುಮ್ಮನಾಗುತ್ತಾರೆ. ಒಂದು ಸಂದೇಶ ಸಾಮಾನ್ಯವಾಗಿ ಮೂರು ಸಲ ಹೀಗೆ ದಾಟಬಹುದು, ಬೇಕಿದ್ದರೆ ಏಳಕ್ಕೆ ಏರಿಸಬಹುದು.

"ಇದಕ್ಕೆ ಲೈಸೆನ್ಸ್ ಬೇಡ್ದನೇ?" ಎಂದು ಅಪ್ಪಯ್ಯ ಕೇಳಿದ್ದು ಸುಮ್ಮನೆ ಅಲ್ಲ. ಮನೆಯಲ್ಲಿ ಹಾಡು ಕೇಳುವ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಅಂಚೆ ಕಚೇರಿಗೆ ಹೋಗಿ ವರ್ಷ ವರ್ಷ ಲೈಸೆನ್ಸ್ ಹಣ ಕಟ್ಟಿದ ಕಾಲದವರು ಅವರು. ಹ್ಯಾಮ್ ರೇಡಿಯೋಗೆ ಇಂದಿಗೂ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. ಆದರೆ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗಾಗಿ ನಮ್ಮ ಸರ್ಕಾರ 2005ರಲ್ಲೇ ಪರವಾನಗಿಯಿಂದ ಬಿಟ್ಟಿದೆ. ಪ್ರೇಷಕದ ಶಕ್ತಿ 1 ವ್ಯಾಟ್ ಮೀರಬಾರದು. ನಾವು ಬಳಸುವ ಎಸ್‌ಎಕ್ಸ್ 1262 ಚಿಪ್ಪಿನ ಶಕ್ತಿ ಅದರ ಆರರಲ್ಲೊಂದು ಪಾಲಿಗಿಂತಲೂ ಕಡಿಮೆ, ಸುಮಾರು 160 ಮಿಲಿವ್ಯಾಟ್.

ಇಷ್ಟು ಪುಟ್ಟ ಶಕ್ತಿಯಲ್ಲಿ ಅಷ್ಟು ದೂರ ಹೋಗುವುದು ಹೇಗೆಂಬುದೇ ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿತು. ಈ ತಂತ್ರಕ್ಕೆ ಲೋರಾ ಎಂದು ಹೆಸರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸೈಕ್ಲಿಯೋ ಎಂಬ ಸಣ್ಣ ಸಂಸ್ಥೆ ರೂಪಿಸಿದ್ದು. 2012ರಲ್ಲಿ ಸೆಮ್‌ಟೆಕ್ ಅದನ್ನು ಕೊಂಡಿತು. ಇದರಲ್ಲಿ ಪ್ರತಿ ಅಕ್ಷರದ ತುಣುಕೂ ಕೆಳಗಿನ ಕಂಪನಾಂಕದಿಂದ ಮೇಲಿನದಕ್ಕೆ ಜಾರುವ ಒಂದು ಅಲೆಯಾಗಿ ಹೊರಡುತ್ತದೆ. ಆ ಜಾರಿನ ಓರೆ ಎಷ್ಟೆಂಬುದು ಕೇಳುವ ಚಿಪ್ಪಿಗೆ ಮೊದಲೇ ಗೊತ್ತು. ಸುತ್ತಲ ಗದ್ದಲದಲ್ಲಿ ಆ ಓರೆಯಲ್ಲಿ ಜಾರುವುದು ಬೇರೇನೂ ಇಲ್ಲದ್ದರಿಂದ, ಸಂಕೇತ ಗದ್ದಲಕ್ಕಿಂತ 50 ಪಟ್ಟು ಕ್ಷೀಣವಾಗಿದ್ದರೂ ಹೆಕ್ಕಿ ತೆಗೆಯುತ್ತದೆ. ಬದಲಿಗೆ ಬಿಟ್ಟುಕೊಡಬೇಕಾದದ್ದು ವೇಗ. ಸೆಕೆಂಡಿಗೆ ಸುಮಾರು ಒಂದು ಕಿಲೋಬಿಟ್, ಅಷ್ಟೇ. ಮಾತಾಡಲು ಬಾರದು, ಫೋಟೋ ಕಳಿಸಲು ಬಾರದು. ಬರೆದ ಮಾತು ಮಾತ್ರ ಹೋಗುತ್ತದೆ, ನಿಧಾನವಾಗಿ. ಹಳ್ಳದಾಚೆ ಧರೆ ಜರಿದಿದೆಯೋ ಇಲ್ಲವೋ ತಿಳಿಯಲು ಅಷ್ಟು ಸಾಕು.

ಬೋರ್ಡು ಆರಿಸುವಾಗಲೇ ಆಷಾಢ ನಡುವೆ ಬಂತು. ಅಗ್ಗದಲ್ಲಿ ಹೆಚ್ಚು ಸಿಗುವುದು ಇಎಸ್‌ಪಿ 32 ಚಿಪ್ಪಿನವು. ಮನೆಯೊಳಗೆ ಇಟ್ಟುಕೊಳ್ಳಲು ಅವು ಚೆನ್ನ. ಅಕ್ಕನ ಮನೆಗೂ ನಮ್ಮ ಮನೆಗೂ ಅದನ್ನೇ ತಂದೆ. ಆದರೆ ಅದು ಎಚ್ಚರವಿದ್ದಷ್ಟು ಹೊತ್ತೂ ಸುಮಾರು 100 ಮಿಲಿಆಂಪ್ ಎಳೆಯುತ್ತದೆ. ಎನ್‌ಆರ್‌ಎಫ್ 52840 ಚಿಪ್ಪಿನ ಬೋರ್ಡು ಅದೇ ಕೆಲಸವನ್ನು 10 ಮಿಲಿಆಂಪ್ ಆಸುಪಾಸಿನಲ್ಲಿ ಮಾಡುತ್ತದೆ. ಗುಡ್ಡದ ಮೇಲಿನ ನೋಡ್ ಹಗಲೂ ರಾತ್ರಿ ಕಿವಿ ತೆರೆದಿರಬೇಕು. ಹಾಗಾಗಿ ಮೊದಲಿನದಕ್ಕೆ ದಿನಕ್ಕೆ 2400 ಮಿಲಿಆಂಪ್ ಅವರ್ ಬೇಕು, ಎರಡನೆಯದಕ್ಕೆ 240. ಮೂರು ಸಾವಿರ ಮಿಲಿಆಂಪ್ ಅವರ್ ಹಿಡಿಯುವ ಎರಡು 18650 ಲಿಥಿಯಂ ಸೆಲ್ಲುಗಳನ್ನು ಜೊತೆಗೂಡಿಸಿದರೆ ಒಟ್ಟು 6000. ಒಂದು ಹನಿ ಬಿಸಿಲಿಲ್ಲದಿದ್ದರೂ ಇಎಸ್‌ಪಿ ಎರಡೂವರೆ ದಿನ ನಡೆದೀತು. ಎನ್‌ಆರ್‌ಎಫ್ ಲೆಕ್ಕದ ಪ್ರಕಾರ 25 ದಿನ. ಆಷಾಢದಲ್ಲಿ ಎರಡೂವರೆ ದಿನ ಅಂದರೆ ಏನೂ ಅಲ್ಲ. ಬೆಲೆ ಹೆಚ್ಚಾದರೂ ಎನ್‌ಆರ್‌ಎಫ್ ಬೋರ್ಡನ್ನೇ ತರಿಸಿದೆ.

ಸೆಲ್ಲುಗಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. 18650 ಅಳತೆಯ ಒಳ್ಳೆಯ ಸೆಲ್ಲಿನಲ್ಲಿ ಹಿಡಿಯುವುದು 3500 ಮಿಲಿಆಂಪ್ ಅವರ್ ಆಸುಪಾಸು. ಮೇಲೆ 9900 ಎಂದು ಅಚ್ಚು ಹಾಕಿದವೂ ಮಾರುಕಟ್ಟೆಯಲ್ಲಿವೆ, ಅಗ್ಗವಾಗಿಯೂ ಇವೆ. ಅಂಥವನ್ನು ಕೊಳ್ಳಬೇಡಿ. ತಕ್ಕಡಿಗೆ ಹಾಕಿದರೇ ಗೊತ್ತಾಗುತ್ತದೆ: ನಿಜವಾದ ಸೆಲ್ಲು 45 ಗ್ರಾಮಿಗೆ ಕಡಿಮೆ ತೂಗುವುದು ಅಪರೂಪ. ಎರಡನ್ನು ಜೊತೆಗೂಡಿಸುವ ಮುಂಚೆ ಎರಡರ ವೋಲ್ಟೇಜೂ ಒಂದೇ ಇದೆಯೇ ಎಂದು ಮೀಟರಿಟ್ಟು ನೋಡಬೇಕು. ಇಲ್ಲದಿದ್ದರೆ ತುಂಬಿದ್ದು ಖಾಲಿಯಾದದ್ದಕ್ಕೆ ಒಮ್ಮೆಲೇ ನುಗ್ಗುತ್ತದೆ. ಗುಡ್ಡದ ಮೇಲೆ, ತರಗೆಲೆಯ ನಡುವೆ ಇಡುವ ವಸ್ತು ಇದು.

ಪ್ಯಾನೆಲ್ 6 ವೋಲ್ಟಿನ 5 ವ್ಯಾಟಿನದು. ಸುಡುಬಿಸಿಲಿನಲ್ಲಿ 800 ಮಿಲಿಆಂಪ್ ಕೊಡುತ್ತದೆ. ಅಷ್ಟು ನಮಗೆ ಬೇಕೇ ಇಲ್ಲ. ಆದರೆ ಹಿಂದಿನ ಮಳೆಗಾಲದಲ್ಲೇ ನಾನು ಪ್ಯಾನೆಲ್ಲನ್ನು ಅಂಗಳದಲ್ಲಿಟ್ಟು ಮೀಟರು ಕಟ್ಟಿ ಬರೆದಿಟ್ಟುಕೊಂಡಿದ್ದೆ. ಪುಷ್ಯ ಮಳೆಯ ಕಪ್ಪು ಮಧ್ಯಾಹ್ನಗಳಲ್ಲಿ ಸಿಕ್ಕಿದ್ದು 40 ಮಿಲಿಆಂಪ್, ಕೆಲವೊಮ್ಮೆ ಇನ್ನೂ ಕಡಿಮೆ. ಮೋಡ ಕವಿದಾಗ ಪ್ಯಾನೆಲ್ಲಿನ ವೋಲ್ಟೇಜ್ ಅಷ್ಟಾಗಿ ಇಳಿಯುವುದಿಲ್ಲ, ಕರೆಂಟು ಇಳಿಯುತ್ತದೆ. ಚಾರ್ಜ್ ಆಗುವುದು ನಿಲ್ಲುವುದಿಲ್ಲ, ಸೊರಗುತ್ತದೆ. ನಲವತ್ತರಂತೆ ಎಂಟು ಗಂಟೆ ಸಿಕ್ಕರೆ 320. ನಮಗೆ ಬೇಕಾದದ್ದು 240. ಈ ಎಂಬತ್ತರ ಅಂತರದ ಮೇಲೆ ಇಡೀ ಕೆಲಸ ನಿಂತಿದೆ. 1 ವ್ಯಾಟಿನ ಚಿಕ್ಕ ಪ್ಯಾನೆಲ್ ತಂದಿದ್ದರೆ ಮಾಘ ಫಾಲ್ಗುಣದಲ್ಲಿ ಚೆನ್ನಾಗಿ ನಡೆದು, ಬೇಕಾದ ತಿಂಗಳಲ್ಲೇ ನಿಲ್ಲುತ್ತಿತ್ತು.

ಅದನ್ನು ಯಾವ ದಿಕ್ಕಿಗೆ, ಎಷ್ಟು ಓರೆಯಾಗಿ ಕೂರಿಸುವುದು? ಕೈಪಿಡಿ ಹೇಳುವುದು ದಕ್ಷಿಣ, 45 ಡಿಗ್ರಿಗೂ ಮೇಲೆ. ತಗಡಿನ ಚೌಕಟ್ಟು ಬಗ್ಗಿಸುತ್ತ ಕೂತಿದ್ದೆ, ಅಪ್ಪಯ್ಯ ಬಂದು ನೋಡಿದರು.

"ತೆಂಕಕ್ಕೆ ಎಂತಕ್ಕೆ ನಿಲ್ಲಿಸ್ತೀಯೇ ಮಾರಾಯ್ತಿ? ಮಳೆಗಾಲದಲ್ಲಿ ಸೂರ್ಯ ಬಡಗು ಕಡೆ ಅಲ್ದಾ?"

ಅವರ ಮಾತು ಗಣಿತಕ್ಕೆ ಸರಿಯಾಗಿ ಕೂತಿತು. ತೀರ್ಥಹಳ್ಳಿ ಇರುವುದು ಸಮಭಾಜಕದಿಂದ 13.7 ಡಿಗ್ರಿ ಉತ್ತರದಲ್ಲಿ. ಜೂನ್ ಕೊನೆಯ ಹೊತ್ತಿಗೆ ಸೂರ್ಯ 23.4 ಡಿಗ್ರಿಗೆ ಏರಿರುತ್ತಾನೆ. ಅಂದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಅಪ್ಪಯ್ಯನಿಗೆ ಈ ಅಂಕಿಗಳು ಬೇಡ. ಅಡಿಕೆ, ಕಾಳುಮೆಣಸು, ಹಪ್ಪಳ, ಕಟ್ಟಿಗೆ ಎಲ್ಲವನ್ನೂ ಬಿಸಿಲು ನೋಡಿ ಒಣಗಿಸಿದ ಅರುವತ್ತು ವರ್ಷಗಳಲ್ಲಿ ಯಾವ ತಿಂಗಳು ಯಾವ ಕಿಟಕಿಯಲ್ಲಿ ಬೆಳಕು ಬರುತ್ತದೆ, ಅಂಗಳದಂಚಿನ ಹಲಸಿನ ನೆರಳು ಎಲ್ಲಿಗೆ ಮುಗಿಯುತ್ತದೆ ಎಂದು ಅವರು ಕಣ್ಣು ಮುಚ್ಚಿ ಹೇಳಬಲ್ಲರು. ಜ್ಯೇಷ್ಠದಲ್ಲಿ ನಮ್ಮ ಬಡಗು ಕಿಟಕಿಗೆ ಬೆಳಗ್ಗೆ ಎಳೆಬಿಸಿಲು ಬೀಳುವುದನ್ನು ನಾನೂ ಹುಟ್ಟಿದಾರಭ್ಯ ನೋಡಿದವಳೇ. ಅದಲ್ಲದೆ ದಟ್ಟ ಮೋಡದಲ್ಲಿ ಬೆಳಕು ಒಂದು ಕಡೆಯಿಂದ ಬರುವುದಿಲ್ಲ, ಇಡೀ ಆಕಾಶದಿಂದ ಸಮನಾಗಿ ಇಳಿಯುತ್ತದೆ. ಆಗ ಆಕಾಶವನ್ನು ಹೆಚ್ಚು ನೋಡುವ ಪ್ಯಾನೆಲ್ಲಿಗೆ ಹೆಚ್ಚು ಪಾಲು. ಪೂರ್ತಿ ಮಲಗಿಸಿದರೆ ನೀರು ನಿಂತು ಹಾವಸೆ ಕಟ್ಟುತ್ತದೆ. ಆದ್ದರಿಂದ ಬಡಗು ಕಡೆಗೆ ಹತ್ತು ಹನ್ನೆರಡು ಡಿಗ್ರಿ ಓರೆ ಮಾತ್ರ ಕೊಟ್ಟು, ಮಳೆಯೇ ತೊಳೆದುಕೊಂಡು ಹೋಗಲೆಂದು ಬಿಟ್ಟೆವು. ಡಿಸೆಂಬರಿನಲ್ಲಿ ಇದರಿಂದ ಒಂದಷ್ಟು ಬೆಳಕು ನಷ್ಟ. ಆ ತಿಂಗಳಲ್ಲಿ ಬಿಸಿಲೇ ಮಿಕ್ಕುತ್ತದೆ.

ಪೆಟ್ಟಿಗೆಯ ವಿಷಯದಲ್ಲಿ ಮಲೆನಾಡಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಆಗುಂಬೆಯ ವರ್ಷದ ಮಳೆ ಸರಾಸರಿ 7000 ಮಿಲಿಮೀಟರ್ ದಾಟುತ್ತದೆ. ಅದು ನೆಟ್ಟಗೆ ಬೀಳುವುದಲ್ಲ. ಗಾಳಿಗೆ ಅಡ್ಡಡ್ಡ ಬರುವ ಇರಚಲು. ಐಪಿ 67 ಎಂದು ಬರೆದ ಪಾಲಿಕಾರ್ಬೊನೇಟ್ ಡಬ್ಬಿ ತಂದೆ, ಬಿಳಿಯದು. ಎಲ್ಲ ತೂತುಗಳೂ ತಳದಲ್ಲೇ, ಪ್ರತಿಯೊಂದಕ್ಕೂ ರಬ್ಬರಿನ ಗ್ಲ್ಯಾಂಡ್. ಪ್ಯಾನೆಲ್ಲಿನ ತಂತಿಯನ್ನು ಡಬ್ಬಿಗಿಂತ ಕೆಳಕ್ಕೆ ಇಳಿಸಿ ಬಳಸಿ ಮೇಲೆತ್ತಿದ್ದು, ತಂತಿ ಹಿಡಿದು ಬರುವ ನೀರು ಬಳುಕಿನಲ್ಲೇ ತೊಟ್ಟಿಕ್ಕಲೆಂದು. ಆದರೆ ಹೊರಗಿನ ನೀರಿಗಿಂತ ಕಾಡುವುದು ಒಳಗೆ ಹುಟ್ಟುವ ನೀರು. ಹಗಲು ಬಿಸಿಯಾದ ಗಾಳಿ ರಾತ್ರಿ ತಣಿದಾಗ ಬಿಗಿಯಾಗಿ ಮುಚ್ಚಿದ ಡಬ್ಬಿ ಎಲ್ಲಿಂದಾದರೂ ತೇವದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ; ಒಮ್ಮೆ ಬಂದ ತೇವ ಹೊರಗೆ ಹೋಗುವುದಿಲ್ಲ, ಮುಚ್ಚಳದ ಕೆಳಗೆ ಬೆವರಾಗಿ ಕೂರುತ್ತದೆ. ಅದಕ್ಕೆ ಗಾಳಿ ಬಿಟ್ಟು ನೀರು ತಡೆಯುವ ಪೊರೆಯ ಪುಟ್ಟ ಬಿರಡೆ ಸಿಗುತ್ತದೆ, ಅದನ್ನೂ ತಳಕ್ಕೇ ಹಾಕಿದೆ. ಸಿಲಿಕಾ ಜೆಲ್ ಪೊಟ್ಟಣಗಳ ಹೊಣೆಯನ್ನು ಅಮ್ಮ ವಹಿಸಿಕೊಂಡಳು. ಗಾಜಿನ ಬಾಟಲಿಗಳಿಂದ, ಬಟ್ಟೆಯ ಡಬ್ಬಗಳಿಂದ ಕೂಡಿಹಾಕಿದ್ದನ್ನೆಲ್ಲ ಬಚ್ಚಲೊಲೆಯ ದಂಡೆಯ ಮೇಲೆ ಬೆಚ್ಚಗೆ ಒಣಗಿಸಿ, ಇನ್ನೂ ಬಿಸಿಯಿರುವಾಗಲೇ ಒಳಗಿಡು ಎಂದು ಕೊಟ್ಟಳು. ಪ್ಯಾನೆಲ್ಲನ್ನೇ ಡಬ್ಬಿಯ ಮೇಲೆ ಮಾಡಾಗಿ ಕೂರಿಸಿದ್ದರಿಂದ ಚೈತ್ರದ ಉರಿಬಿಸಿಲು ನೇರ ಬ್ಯಾಟರಿಯ ತಲೆಗೆ ಬೀಳುವುದೂ ತಪ್ಪಿತು.

ಆಂಟೆನಾ ಕೊಳ್ಳುವಾಗ ಎಚ್ಚರ ಬೇಕು. ಅಮೆರಿಕದ 915 ಮೆಗಾಹರ್ಟ್ಸ್‌ಗೆ ಕಡಿದದ್ದು ನಮಗೆ ಸರಿಹೊಂದದು. 866ರಲ್ಲಿ ಅಲೆಯುದ್ದ 34.6 ಸೆಂಟಿಮೀಟರ್, ಆಂಟೆನಾ ಅದಕ್ಕೆ ಹೊಂದಿಸಿದ್ದೇ ಆಗಿರಬೇಕು. ಗೆಳತಿಯೊಬ್ಬಳ ಹತ್ತಿರ ನ್ಯಾನೋ ವಿಎನ್‌ಎ ಎಂಬ ಪುಟ್ಟ ಅಳತೆಯಂತ್ರವಿತ್ತು, ಅದಕ್ಕೆ ಸಿಕ್ಕಿಸಿ ನೋಡಿಯೇ ಒಪ್ಪಿದೆ. ಇನ್ನೊಂದು ಸಂಗತಿ ನಮ್ಮ ನೆಲದ ಏರಿಳಿತಕ್ಕೆ ಸೇರಿದ್ದು. ಹೆಚ್ಚು ಗೇನ್ ಇದ್ದಷ್ಟೂ ಒಳ್ಳೆಯದೆಂದು ಉದ್ದನೆಯ ಆಂಟೆನಾ ಕೊಳ್ಳುವವರಿದ್ದಾರೆ. ಹೆಚ್ಚು ಗೇನ್ ಎಂದರೆ ಅಲೆಯನ್ನು ಚಪ್ಪಟೆಯಾಗಿ ಒತ್ತಿ ದಿಗಂತದ ಕಡೆ ತಳ್ಳುವುದು. ಬಯಲುಸೀಮೆಗೆ ಅದು ಸರಿ. ಇಲ್ಲಿ ನೋಡ್ ಇರುವುದು ಗುಡ್ಡದ ನೆತ್ತಿಯಲ್ಲಿ, ಮನೆಗಳಿರುವುದು ಕಾಲಡಿಯ ಕಣಿವೆಯಲ್ಲಿ. ಅಂಥದ್ದು ಹಾಕಿದ್ದರೆ ಅಲೆಗಳು ನಮ್ಮ ತಲೆಯ ಮೇಲೆ ಹಾದು ಉಡುಪಿ ಜಿಲ್ಲೆಗೆ ಹೋಗುತ್ತಿದ್ದವು. 3 ಡಿಬಿಐ ಗೇನಿನ ಗಿಡ್ಡ ಫೈಬರ್‌ಗ್ಲಾಸ್ ಆಂಟೆನಾ ಸಾಕಾಯಿತು. ಆಂಟೆನಾ ಸಿಕ್ಕಿಸದೆ ಬೋರ್ಡಿಗೆ ಪವರ್ ಕೊಡಬಾರದು, ಶಕ್ತಿ ಹೋಗಲು ದಾರಿಯಿಲ್ಲದೆ ಚಿಪ್ಪಿಗೇ ಪೆಟ್ಟು.

ಜಾಗ ಯಾವುದು ಎಂಬುದಕ್ಕೆ ನಮ್ಮ ಖುಷ್ಕಿಯ ಮೇಲಿನ ತುದಿಯಲ್ಲಿರುವ ನೀರಿನ ಟ್ಯಾಂಕಿ ಮನಸ್ಸಿಗೆ ಬಂತು. ಮನೆಗೆ ಇಳಿಜಾರಿನಲ್ಲೇ ನೀರು ಬರಲೆಂದು ಅಜ್ಜ ಕಟ್ಟಿಸಿದ್ದು. ಅಲ್ಲಿಂದ ಎರಡು ಕಣಿವೆಗಳೂ ಕಾಣುತ್ತವೆ, ನಡುವೆ ಮರಗಳ ತಲೆ. ಒದ್ದೆ ಎಲೆ ಈ ಅಲೆಗಳನ್ನು ಹೀರುತ್ತದೆ, ಹಾಗಾಗಿ ಎಷ್ಟು ಎತ್ತರ ಬೇಕೆಂದು ಕಂಬ ನೆಡುವ ಮೊದಲೇ ತಿಳಿಯಬೇಕಿತ್ತು. ತೋಟಕ್ಕೆ ಔಷಧಿ ಹೊಡೆಯುವ ಹುಡುಗರು ದಾರಿ ತೋರಿಸಿದರು. ಈಗ ಅಡಿಕೆ ಮರ ಹತ್ತದೆ ನೆಲದಲ್ಲೇ ನಿಂತು ಕೊನೆ ಕೊಯ್ಯಲು, ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ಅದರ ತುದಿಗೆ ನೋಡ್ ಕಟ್ಟಿ ಎತ್ತಿ ಹಿಡಿದರು. ಕಾರ್ಬನ್ ಫೈಬರಿಗೆ ವಿದ್ಯುತ್ ಹರಿಯುವ ಗುಣವಿದೆ, ಆಂಟೆನಾಕ್ಕೆ ತಾಗಿದ್ದರೆ ಕೆಲಸ ಕೆಡುತ್ತದೆ. ಅದಕ್ಕೆ ತುದಿಗೆ ಮೊಳದುದ್ದದ ಬಿದಿರು ಸೇರಿಸಿದೆವು. ಕರೆಂಟಿನ ಲೈನಿನ ಹತ್ತಿರ ಅಂಥ ದೋಟಿ ಎತ್ತಿದವರು ಜೀವ ಕಳೆದುಕೊಂಡಿದ್ದಾರೆ. ನಮ್ಮ ಟ್ಯಾಂಕಿಯ ಸುತ್ತ ಲೈನಿಲ್ಲ, ಆದರೂ ಹುಡುಗರಿಗೆ ಮೊದಲು ಹೇಳಿದ ಮಾತು ಅದೇ. ಒಂದೊಂದು ಎತ್ತರದಲ್ಲೂ ಅಕ್ಕ ಅಟ್ಟದ ಕಿಟಕಿಯಲ್ಲಿ ಕೂತು ಸಂಕೇತದ ಬಲ ನೋಡಿ ಬರೆದುಕೊಂಡಳು. ಟ್ಯಾಂಕಿಯ ಮೇಲೆ ಎರಡಾಳು ಎತ್ತರ ಸಾಕೆಂದು ತೀರ್ಮಾನವಾಯಿತು.

ಜಿಐ ಪೈಪಿನ ಕಂಬ. ಬುಡಕ್ಕೆ ಇದ್ದಿಲು ಉಪ್ಪು ಹಾಕಿ ಅರ್ತಿಂಗ್. ನಮ್ಮಲ್ಲಿ ಸಿಡಿಲಿನ ಹಾವಳಿ ಮಳೆಗಾಲದ ನಡುವೆ ಅಲ್ಲ, ಅದಕ್ಕೆ ಮುಂಚೆ ವೈಶಾಖದಲ್ಲಿ ಮತ್ತು ಆಮೇಲೆ ಹಿಂಗಾರಿನಲ್ಲಿ. ಈ ನೋಡ್‌ನಿಂದ ಮನೆಗೆ ಒಂದು ತಂತಿಯೂ ಬರುವುದಿಲ್ಲ ಎಂಬುದು ನನಗೆ ಮುಖ್ಯವಾಗಿತ್ತು. ಸಿಡಿಲು ಹೊಡೆದರೆ ಹೋಗುವುದು ಒಂದು ಡಬ್ಬಿ. ಮಂಗಗಳಿಗೆ ಅಪ್ಪಯ್ಯನೇ ಮದ್ದು ಮಾಡಿದರು: ಹಣ್ಣಿನ ಮರಗಳಿಗೆ ಸುತ್ತುವ ಬೆತ್ತದ ಮುಳ್ಳನ್ನು ತಂದು ಪೈಪಿಗೆ ಬಿಗಿದರು.

ಚಾನೆಲ್ಲಿಗೆ ನಮ್ಮದೇ ಗುಟ್ಟಿನ ಕೀಲಿ ಹಾಕಿದೆ. ಕಾರ್ಖಾನೆಯಿಂದ ಬರುವ ಕೀಲಿ ಲೋಕಕ್ಕೆಲ್ಲ ಗೊತ್ತಿರುವಂಥದ್ದು. ಹೊಸದನ್ನು ಕ್ಯೂಆರ್ ಕೋಡಿನಲ್ಲಿ ಎರಡೂ ಮನೆಯ ಫೋನುಗಳಿಗೆ ಕೊಟ್ಟಾಯಿತು.

ಬರೆಯತೊಡಗಿದ ಮೇಲೆ ಕನ್ನಡದ್ದೇ ಒಂದು ಲೆಕ್ಕ ಎದುರಾಯಿತು. ಒಂದು ಸಂದೇಶದಲ್ಲಿ ಹಿಡಿಯುವುದು 200 ಬೈಟು ಎಂದಿಟ್ಟುಕೊಳ್ಳಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟಾದರೆ ಕನ್ನಡದಲ್ಲಿ ಮೂರು. ಅದೂ ಕಣ್ಣಿಗೆ ಕಾಣುವ ಅಕ್ಷರಕ್ಕಲ್ಲ. ವ್ಯಂಜನಕ್ಕೆ ಮೂರು, ಕೊಂಬಿಗೆ ಮೂರು, ಒತ್ತಿಗೆ ಆರು. 'ಕ್ಷೇ' ಎಂದು ಒಂದು ಅಕ್ಷರ ಬರೆದರೆ ಹನ್ನೆರಡು ಹೋಯಿತು. 'ಕರೆಂಟು ಬಂತಾ' ಎಂದರೆ 31. ಸಂದೇಶ ತುಂಬಿ ಹೋದರೆ ಗಾಳಿಯಲ್ಲಿ ಸುಮಾರು ಎರಡು ಸೆಕೆಂಡು ಇರುತ್ತದೆ, ಅಷ್ಟು ಹೊತ್ತು ಬೇರೆಯವರು ಕಾಯಬೇಕು, ಬ್ಯಾಟರಿಯೂ ಖರ್ಚು. ಇಂಗ್ಲಿಷ್ ಲಿಪಿಯಲ್ಲಿ ಬರೆಯೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಅತ್ತೆಗೂ ಅಮ್ಮನಿಗೂ ಓದಲು ಬರುವುದು ಕನ್ನಡ. ಆಪತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಇರುವವರು ಅವರೇ ಆಗಿರಬಹುದು. ಅವರು ಓದಲಾರದ ರೇಡಿಯೋವನ್ನು ಮನೆಗೆಂದು ಕಟ್ಟುವುದರಲ್ಲಿ ಅರ್ಥವಿಲ್ಲ. ಬದಲಿಗೆ ಚಿಕ್ಕದಾಗಿ ಬರೆಯುವುದನ್ನು ಎಲ್ಲರೂ ಕಲಿತರು. ಅಮ್ಮ ಈ ಕಲೆಯಲ್ಲಿ ಎಲ್ಲರಿಗಿಂತ ಮುಂದೆ. 'ಹಳ್ಳ ತುಂಬಿದೆ ಬರಬೇಡಿ' ಎಂದು ಬರೆದರೆ ಅದರಲ್ಲಿ ತೆಗೆಯುವುದಕ್ಕೆ ಏನೂ ಇರುವುದಿಲ್ಲ.

ಮೊದಲ ಮಳೆಗಾಲ ಪೂರ್ತಿ ನಾನು ಬ್ಯಾಟರಿಯ ಅಂಕಿಯನ್ನು ನೋಡುತ್ತಲೇ ಇದ್ದೆ. ನೋಡ್ ತನ್ನ ವೋಲ್ಟೇಜನ್ನು ಆಗಾಗ ತಾನೇ ಹೇಳುತ್ತದೆ. ಮೃಗಶಿರಾ ಮಳೆಯಲ್ಲಿ 4.1 ಇತ್ತು. ಪುನರ್ವಸು ಕಳೆಯುವ ಹೊತ್ತಿಗೆ 3.9. ಪುಷ್ಯದಲ್ಲಿ ಒಂದೇ ಸಮ ಹಿಡಿದು ಸುರಿದಾಗ 3.8ಕ್ಕೆ ಬಂತು. "ಎಷ್ಟಿದ್ಯೇ ಇವತ್ತು?" ಎಂದು ಅಪ್ಪಯ್ಯ ಬೆಳಗಿನ ಕಾಫಿಗೇ ಕೇಳುವರು. ಸೆಲ್ಲು ಪೂರ್ತಿ ಇಳಿದರೆ ಎಂಬ ಭಯ ನನಗಿತ್ತು: ಖಾಲಿಯಾದ ಬ್ಯಾಟರಿ ಮಬ್ಬು ಬೆಳಕಿನಲ್ಲಿ ನಿಧಾನಕ್ಕೆ ಏರುವಾಗ ಇಂಥ ಬೋರ್ಡುಗಳು ಅರ್ಧ ಎದ್ದು ಸಿಕ್ಕಿಕೊಳ್ಳುವುದುಂಟು, ಆಗ ಯಾರಾದರೂ ಉಂಬಳಗಳ ನಡುವೆ ಗುಡ್ಡ ಹತ್ತಿ ಕೈಯಾರೆ ಎಬ್ಬಿಸಬೇಕು. ಹಾಗಾಗಲಿಲ್ಲ. ಮಳೆ ಒಂದು ಮಧ್ಯಾಹ್ನ ಹೊಳವಾಯಿತು. ಎರಡು ಗಂಟೆಯ ತೆಳು ಬಿಸಿಲಿಗೇ ಅಂಕಿ ಮೇಲೆದ್ದಿತು.

ಮರುವರ್ಷದ ಆಶ್ಲೇಷದಲ್ಲಿ, ಕರೆಂಟೂ ಟವರೂ ಇಲ್ಲದ ರಾತ್ರಿ, ಅಕ್ಕನ ಸಂದೇಶ ಬಂತು: 'ಧರೆ ಬಿರುಕು ಬಿಟ್ಟಿದೆ. ದನ ಬಿಚ್ಚಿದ್ದೇವೆ. ಮೇಲಿನಮನೆಗೆ ಹೋಗ್ತೇವೆ.' ಅಪ್ಪಯ್ಯ ಫೋನನ್ನು ಕೈಗೆ ತೆಗೆದುಕೊಂಡು ಕನ್ನಡಕ ಹುಡುಕಿ ತಾವೇ ಓದಿದರು. ಹಳ್ಳ ತುಂಬಿದ್ದರಿಂದ ನಾವು ಯಾರೂ ಆಚೆಗೆ ಹೋಗುವಂತಿರಲಿಲ್ಲ. ಆದರೂ ಆ ರಾತ್ರಿ ನಮಗೆ ಎಲ್ಲ ಗೊತ್ತಿತ್ತು. ಅತ್ತೆಯನ್ನು ಭಾವ ಬೆನ್ನ ಮೇಲೆ ಹೊತ್ತು ಹೋದದ್ದು, ಮೇಲಿನಮನೆಯವರು ಸೀಮೆಣ್ಣೆ ಲಾಟೀನು ಹಿಡಿದು ಎದುರು ಬಂದದ್ದು, ಒಂದು ಕರು ಸಿಗದೆ ಆಮೇಲೆ ಸಿಕ್ಕಿದ್ದು, ಒಂದೊಂದಾಗಿ ಬಂದವು. ಅಮ್ಮ ಪ್ರತಿಯೊಂದಕ್ಕೂ 'ಹೂಂ' ಎಂದು ಉತ್ತರ ಕಳಿಸಿದಳು. ಒಂಬತ್ತು ಬೈಟು. ಅಕ್ಕ ಆಮೇಲೆ ಹೇಳಿದ್ದು, ಆ ಹೂಂ ಬರುತ್ತಿದ್ದದ್ದೇ ದೊಡ್ಡ ಧೈರ್ಯ ಎಂದು.

ಇದು ಆಂಬುಲೆನ್ಸ್ ಕರೆಯುವುದಿಲ್ಲ, ಅಗ್ನಿಶಾಮಕ ದಳಕ್ಕೆ ತಲುಪುವುದಿಲ್ಲ. ಫೋನಿನ ಚಾರ್ಜು ಮುಗಿದರೆ ಓದುವುದಕ್ಕೂ ಆಗದು, ಅದಕ್ಕೆಂದೇ ಎರಡೂ ಮನೆಗಳಲ್ಲಿ ತುಂಬಿಸಿಟ್ಟ ಪವರ್ ಬ್ಯಾಂಕನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟುವುದಿಲ್ಲ.

ಈಗ ಮೇಲಿನಮನೆಯ ಅಣ್ಣಯ್ಯ ತಮ್ಮ ಮನೆಗೂ ಒಂದು ಬೇಕೆಂದು ಕೇಳಿದ್ದಾರೆ. ಅವರ ಮನೆಯ ಹಿಂದಿನ ಬಂಡೆಯಿಂದ ಘಟ್ಟದ ಅಂಚಿನವರೆಗೂ ಕಣ್ಣು ಹಾಯುತ್ತದೆ. ಅಲ್ಲೊಂದು ನೋಡ್ ಕೂತರೆ ಇನ್ನೂ ಮೂರು ಕಣಿವೆಯ ಒಂಟಿಮನೆಗಳಿಗೆ ಸುದ್ದಿ ಮುಟ್ಟುತ್ತದೆ; ಅದರಲ್ಲಿ ಒಂದರಲ್ಲಿ ವಯಸ್ಸಾದ ದಂಪತಿ ಇಬ್ಬರೇ ಇರುವುದು. ಬಂಡೆಯ ಬಡಗು ಮಗ್ಗುಲಲ್ಲಿ ದೊಡ್ಡದೊಂದು ಧೂಪದ ಮರವಿದೆ, ಅದರ ನೆರಳು ಆಷಾಢದಲ್ಲಿ ಎಲ್ಲಿಗೆ ಬೀಳುತ್ತದೆಂದು ನೋಡಬೇಕೆಂದು ಅಪ್ಪಯ್ಯ ಹೇಳಿದ್ದಾರೆ. ಬೋರ್ಡು, ಸೆಲ್ಲು ಬಂದಿವೆ. ಪ್ಯಾನೆಲ್ ಈ ಸಲ ಇನ್ನೂ ಒಂದು ಅಳತೆ ದೊಡ್ಡದು ತರಿಸಿದ್ದೇನೆ, ಮೋಡ ಅಲ್ಲಿ ಹೆಚ್ಚು. ತೋಟಕ್ಕೆ ಮೊದಲ ಔಷಧಿ ಹೊಡೆಯಲು ಹುಡುಗರು ದೋಟಿ ಹಿಡಿದು ಬರುವ ವಾರವೇ ಕಂಬ ನಿಲ್ಲಿಸುವುದೆಂದು ಮಾತಾಗಿದೆ.